ಕಾರ್ಖಾನೆ ಮುಚ್ಚುವ ಮಾತು ಬಂದಾಗ: ಯಾವುದಕ್ಕೂ ಸಹಿ ಹಾಕುವ ಮೊದಲು ಇದನ್ನು ಓದಿ

"ಎಚ್‌ಆರ್ ಒಳಗೆ ಕರೆದು ರಾಜೀನಾಮೆ ಬರೆದುಕೊಡಿ ಅಂತಿದ್ದಾರೆ. ಬರೆದುಕೊಡಲಾ, ಬೇಡ್ವಾ?" ನರಸಾಪುರ, ವೇಮಗಲ್, ಬೊಮ್ಮಸಂದ್ರ, ಪೀಣ್ಯ, ಹೊಸೂರು, ಎಲ್ಲಿಂದ ಬರೆದವರೂ ಕೇಳುವುದು ಇದನ್ನೇ. ಫೋನ್ ಜೋಡಿಸುವ ಲೈನ್ ಇರಲಿ, ಚಾರ್ಜರ್ ಇರಲಿ, ಸರ್ಕ್ಯೂಟ್ ಬೋರ್ಡ್ ಇರಲಿ, ಆರ್ಡರ್ ಕಡಿಮೆಯಾದ ಕೂಡಲೇ ಕಥೆ ಒಂದೇ ಥರ ಶುರುವಾಗುತ್ತದೆ. ಮೂರು ಶಿಫ್ಟ್ ಎರಡಾಗುತ್ತದೆ, ಎರಡು ಒಂದಾಗುತ್ತದೆ. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಾರೆ.

ಚಿಕ್ಕ ಉತ್ತರ: ಇವತ್ತು ಬರೆದುಕೊಡಬೇಡಿ. ನಿಮಗೆ ಬರಬೇಕಾದ ದುಡ್ಡಿನಲ್ಲಿ ದೊಡ್ಡ ಭಾಗ ನಿಂತಿರುವುದು ಒಂದೇ ವಿಷಯದ ಮೇಲೆ, ನೀವು ಕೆಲಸ ಬಿಟ್ಟ ಕಾರಣ ಅಂತ ಕಾಗದದಲ್ಲಿ ಏನಿದೆ ಎನ್ನುವುದರ ಮೇಲೆ. "ಸ್ವಂತ ಕಾರಣಕ್ಕೆ ರಾಜೀನಾಮೆ" ಅಂತಿದ್ದರೆ ಕಾನೂನಿನ ಪರಿಹಾರ ಇಲ್ಲ, ನೋಟಿಸ್ ಸಂಬಳ ಇಲ್ಲ, ಇಎಸ್‌ಐನ (ಕಾರ್ಮಿಕರ ರಾಜ್ಯ ವಿಮೆ) ನಿರುದ್ಯೋಗ ಭತ್ಯೆಯೂ ಇಲ್ಲ. "ಕಂಪನಿಯೇ ತೆಗೆದಿದೆ" ಅಥವಾ "ಕಾರ್ಖಾನೆ ಮುಚ್ಚಿದೆ" ಅಂತಿದ್ದರೆ ಇವೆಲ್ಲದರ ಬಾಗಿಲು ತೆರೆದಿರುತ್ತದೆ.

ಶ್ರೀಪೆರಂಬದೂರಿನ ನೋಕಿಯಾ ಕಾರ್ಖಾನೆಯನ್ನು ನೆನಪಿಸಿಕೊಳ್ಳಿ. 2006ರಲ್ಲಿ ಶುರುವಾಗಿ ಸಾವಿರಾರು ಜನಕ್ಕೆ ಕೆಲಸ ಕೊಟ್ಟಿತ್ತು, ಅವರಲ್ಲಿ ಬಹಳಷ್ಟು ಜನ ಹೆಣ್ಣುಮಕ್ಕಳು. ತೆರಿಗೆ ಜಗಳದಲ್ಲಿ ಆಸ್ತಿ ಜಪ್ತಿಯಾಯಿತು. 2014ರಲ್ಲಿ ನೋಕಿಯಾದ ಫೋನ್ ವ್ಯವಹಾರ ಮೈಕ್ರೋಸಾಫ್ಟ್ ಕೈಗೆ ಹೋದಾಗ ಈ ಕಾರ್ಖಾನೆ ಮಾತ್ರ ಹೊರಗೆ ಉಳಿಯಿತು. ಮೈಕ್ರೋಸಾಫ್ಟ್ ಆರ್ಡರ್ ನಿಲ್ಲಿಸಿತು. ಅದೇ ವರ್ಷ ನವೆಂಬರ್ 1ಕ್ಕೆ ಉತ್ಪಾದನೆ ನಿಂತಿತು. ಆದರೆ ಗೇಟಿಗೆ ಬೀಗ ಬೀಳುವ ತಿಂಗಳುಗಳ ಮೊದಲೇ ಹೆಚ್ಚಿನವರು ಸ್ವಯಂ ನಿವೃತ್ತಿ ತೆಗೆದುಕೊಂಡು ಹೋಗಿಯಾಗಿತ್ತು. ಕೊನೆಗೆ ಉಳಿದವರು ಎಷ್ಟೇ ಕೂಗಿದರೂ ಸಂಖ್ಯಾಬಲ ಇರಲಿಲ್ಲ. ಒಂದೇ ದೊಡ್ಡ ಗ್ರಾಹಕನ ಆರ್ಡರ್ ನಂಬಿದ ಕಾರ್ಖಾನೆಗಳಲ್ಲಿ ಇದು ಮತ್ತೆ ಮತ್ತೆ ನಡೆಯುವಂಥದ್ದು. ಆ ಡಿಸೆಂಬರ್‌ನಲ್ಲಿ ಅದೇ ಪಟ್ಟಣದ ಫಾಕ್ಸ್‌ಕಾನ್ ಘಟಕವೂ ಕೆಲಸ ನಿಲ್ಲಿಸಿತು.

ಕಾನೂನಿನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಿಮ್ಮನ್ನು ಆ ದಿನಕ್ಕಿಂತ ಮುಂಚೆ ತೆಗೆದಿದ್ದರೆ 1947ರ ಕೈಗಾರಿಕಾ ವಿವಾದ ಕಾಯ್ದೆ ಅನ್ವಯಿಸುತ್ತದೆ. ಆಮೇಲೆ ತೆಗೆದಿದ್ದರೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ. ಕೆಳಗೆ ನಾನು ಹೇಳುವುದು ಹೊಸ ಸಂಹಿತೆಯ ಲೆಕ್ಕ. ಹಳೆಯದು ಬೇರೆಯಾಗಿರುವ ಕಡೆ ಅಲ್ಲಲ್ಲೇ ಹೇಳಿದ್ದೇನೆ.

ಹಂತ 1: ನೀವು ಯಾರ ಕೆಲಸಗಾರರು ಅಂತ ಮೊದಲು ನೋಡಿ

ಒಂದೇ ಲೈನ್‌ನಲ್ಲಿ ಅಕ್ಕಪಕ್ಕ ನಿಂತವರಿಗೆ ಬೇರೆ ಬೇರೆ ಹಕ್ಕು ಇರಬಹುದು. ಗುರುತಿನ ಚೀಟಿ ನೋಡಬೇಡಿ, ಅದರಲ್ಲಿ ದೊಡ್ಡ ಕಂಪನಿಯ ಲೋಗೋ ಇರುತ್ತದೆ. ನೇಮಕಾತಿ ಪತ್ರ ಮತ್ತು ಸಂಬಳದ ಚೀಟಿಯಲ್ಲಿ ಯಾರ ಹೆಸರಿದೆ ನೋಡಿ.

ಕಾಯಂ ನೌಕರರಾಗಿದ್ದರೆ ಈ ಲೇಖನದ ಎಲ್ಲವೂ ನಿಮಗೆ ಅನ್ವಯಿಸುತ್ತದೆ.

ಫಿಕ್ಸೆಡ್ ಟರ್ಮ್, ಅಂದರೆ ಇಂಥ ತಾರೀಖಿನವರೆಗೆ ಅಂತ ಕಂಪನಿಯೇ ನೇರವಾಗಿ ತೆಗೆದುಕೊಂಡಿದ್ದರೆ, ಅವಧಿ ಮುಗಿದು ಮುಂದುವರಿಸದೇ ಇರುವುದಕ್ಕೆ ಪರಿಹಾರ ಸಿಗುವುದಿಲ್ಲ. ಅವಧಿಯ ಮಧ್ಯದಲ್ಲೇ ಕಳಿಸಿದರೆ ಮಾತ್ರ ಕೇಳಬಹುದು. ಆದರೆ ಹೊಸ ಸಂಹಿತೆಯಲ್ಲಿ ನಿಮಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ (ಸೇವೆಯ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಬರುವ ಇಡಿಗಂಟು) ಬರುತ್ತದೆ, ಐದು ವರ್ಷ ಕಾಯಬೇಕಿಲ್ಲ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ಕೇಳದೆ ಹೋಗಿಬಿಡುತ್ತಾರೆ.

ಏಜೆನ್ಸಿ ಮೂಲಕ ಬಂದ ಗುತ್ತಿಗೆ ಕೆಲಸಗಾರರಾಗಿದ್ದರೆ ನಿಮ್ಮ ಮಾಲೀಕ ಆ ಗುತ್ತಿಗೆದಾರ. ಆದರೆ ಗುತ್ತಿಗೆದಾರ ಸಂಬಳ ಬಾಕಿ ಉಳಿಸಿಕೊಂಡು ಹೋದರೆ ಅದನ್ನು ಕೊಡುವ ಹೊಣೆ ಕಾರ್ಖಾನೆಯದ್ದು. ಕಾನೂನು ಅದನ್ನು "ಪ್ರಧಾನ ನಿಯೋಜಕ" ಅನ್ನುತ್ತದೆ. ಆದ್ದರಿಂದ ದೂರು ಕೊಡುವಾಗ ಎರಡೂ ಹೆಸರು ಹಾಕಿ. "ಬೇರೆ ಸೈಟ್‌ಗೆ ಹಾಕ್ತೀವಿ, ಸದ್ಯಕ್ಕೆ ಮನೆಗೆ ಹೋಗಿ" ಅಂತ ಏಜೆನ್ಸಿಯವರು ಹೇಳಿದರೆ ಅದನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಬಾಯಿಮಾತಲ್ಲಿ ಮನೆಗೆ ಹೋದವರನ್ನು ನಂತರ "ಹೇಳದೆ ಗೈರುಹಾಜರಾದರು" ಅಂತ ಬರೆದುಕೊಂಡಿರುತ್ತಾರೆ.

ಅಪ್ರೆಂಟಿಸ್ ಆಗಿದ್ದರೆ ಈ ಕಾನೂನಿನಲ್ಲಿ ನೀವು ಕೆಲಸಗಾರರಲ್ಲ. ಆದರೆ "ಟ್ರೈನಿ" ಅಂತ ಚೀಟಿಯಲ್ಲಿ ಬರೆದ ಮಾತ್ರಕ್ಕೆ ಅಪ್ರೆಂಟಿಸ್ ಆಗುವುದಿಲ್ಲ. ಅಪ್ರೆಂಟಿಸ್ ಕಾಯ್ದೆಯ ಕೆಳಗೆ ನೋಂದಾಯಿಸಿದ ಒಪ್ಪಂದ ಇರಬೇಕು. ಅದಿಲ್ಲದೆ ಎಲ್ಲರಂತೆ ಲೈನ್‌ನಲ್ಲಿ ಉತ್ಪಾದನೆ ಮಾಡಿಸಿದ್ದರೆ ನೀವೂ ಕೆಲಸಗಾರರು ಅಂತ ವಾದಿಸಬಹುದು.

ಎಂಜಿನಿಯರ್, ಲೈನ್ ಲೀಡರ್‌ಗಳಿಗೆ: ಹುದ್ದೆಯ ಹೆಸರಿಗಿಂತ ನೀವು ಮಾಡುವ ಕೆಲಸ ಮುಖ್ಯ. ಟೆಸ್ಟಿಂಗ್, ರಿಪೇರಿ, ಮೆಷಿನ್ ಸೆಟ್ಟಿಂಗ್‌ನಂಥ ತಾಂತ್ರಿಕ ಕೆಲಸವೇ ಜಾಸ್ತಿ ಇದ್ದರೆ ನೀವು ಕೆಲಸಗಾರರ ಪಟ್ಟಿಗೆ ಬರುತ್ತೀರಿ. ಮುಖ್ಯವಾಗಿ ಮೇಲ್ವಿಚಾರಣೆ ಮಾಡುವವರಾಗಿದ್ದರೆ ಆ ಪಟ್ಟಿಗೆ ಬರಲು ತಿಂಗಳ ಸಂಬಳ 18,000 ರೂಪಾಯಿ ದಾಟಿರಬಾರದು. ಆಡಳಿತ ವರ್ಗದವರಿಗೆ ನೇಮಕಾತಿ ಪತ್ರದ ಷರತ್ತೇ ಆಧಾರ.

ಹಂತ 2: ಕಾಗದಪತ್ರ ಈಗಲೇ ಕೂಡಿಸಿ

ಬ್ಯಾಡ್ಜ್ ಬ್ಲಾಕ್ ಆದ ದಿನ ಕಂಪನಿಯ ಆ್ಯಪ್ ಕೂಡ ಬಂದ್ ಆಗುತ್ತದೆ. ಸಂಬಳದ ಚೀಟಿ, ಹಾಜರಿ, ರಜೆ ಬಾಕಿ ಎಲ್ಲ ಅದರ ಒಳಗೇ ಇರುತ್ತದೆ, ಅಲ್ವಾ? ಆದ್ದರಿಂದ ಗಾಳಿಸುದ್ದಿ ಕೇಳಿದ ದಿನವೇ ಇಳಿಸಿಕೊಂಡು ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ:

- ನೇಮಕಾತಿ ಪತ್ರ, ಕಾಯಂ ಮಾಡಿದ ಪತ್ರ, ಸಂಬಳ ಏರಿಕೆಯ ಪತ್ರಗಳು
- ಕನಿಷ್ಠ ಕಳೆದ 12 ತಿಂಗಳ ಸಂಬಳದ ಚೀಟಿ ಮತ್ತು ಬ್ಯಾಂಕ್ ವಿವರ
- ಹಾಜರಿ ಪುಟದ ಸ್ಕ್ರೀನ್‌ಶಾಟ್, ಓಟಿ ಲೆಕ್ಕ ಸಮೇತ
- ಬಾಕಿ ಇರುವ ರಜೆಯ ಲೆಕ್ಕ
- ಪಿಎಫ್‌ನ ಯುಎಎನ್ ಸಂಖ್ಯೆ, ಪಿಎಫ್ ಪಾಸ್‌ಬುಕ್, ಇಎಸ್‌ಐ ಸಂಖ್ಯೆ
- ಫಾರ್ಮ್ 16

ಹಾಜರಿಯನ್ನು ಹಗುರವಾಗಿ ನೋಡಬೇಡಿ. ಪರಿಹಾರ ಸಿಗಲು "ನಿರಂತರ ಸೇವೆ" ಬೇಕು. ಕಳೆದ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದು ಒಂದು ವರ್ಷದ ನಿರಂತರ ಸೇವೆ. ಸಂಬಳ ಸಹಿತ ರಜೆ, ಹೆರಿಗೆ ರಜೆ, ಲೇ ಆಫ್ (ತಾತ್ಕಾಲಿಕವಾಗಿ ಕೆಲಸ ಕೊಡದ) ದಿನಗಳು ಎಲ್ಲ ಇದರಲ್ಲಿ ಸೇರುತ್ತವೆ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದ ಗಲಭೆಯ ಹಿಂದೆಯೂ ಸಂಬಳ ಸರಿಯಾಗಿ ಬರುತ್ತಿಲ್ಲ, ಹಾಜರಿ ಸರಿಯಾಗಿ ದಾಖಲಾಗುತ್ತಿಲ್ಲ ಎಂಬ ದೂರುಗಳೇ ಇದ್ದವು. ಕಂಪನಿಯ ಲೆಕ್ಕ ತಪ್ಪಿದ್ದರೆ ಅದನ್ನು ತೋರಿಸಲು ನಿಮ್ಮ ಹತ್ತಿರ ನಿಮ್ಮದೇ ಲೆಕ್ಕ ಇರಬೇಕು.

ಒಂದು ಎಚ್ಚರಿಕೆ. ಉತ್ಪನ್ನದ ಚಿತ್ರ, ಡ್ರಾಯಿಂಗ್, ಲೈನ್ ಒಳಗಿನ ಫೋಟೊ ಯಾವುದೂ ಬೇಡ. ಎಷ್ಟೋ ಕಡೆ ಫೋನ್ ಒಳಗೆ ಬಿಡುವುದೇ ಇಲ್ಲ. ಅದನ್ನೇ ನೆಪ ಮಾಡಿಕೊಂಡು ಶಿಸ್ತು ಕ್ರಮಕ್ಕೆ ಇಳಿಯುತ್ತಾರೆ. ನಿಮಗೆ ಸಂಬಂಧಿಸಿದ ಕಾಗದ ಮಾತ್ರ ಸಾಕು.

ಹಂತ 3: ಕಂಪನಿ ಮಾಡುತ್ತಿರುವುದು ಏನು ಅಂತ ಗುರುತಿಸಿ

ಎಲ್ಲದಕ್ಕೂ ನಾವು "ಲೇ ಆಫ್" ಅಂದುಬಿಡುತ್ತೇವೆ. ಕಾನೂನಿನಲ್ಲಿ ಒಂದೊಂದಕ್ಕೂ ಬೇರೆ ಲೆಕ್ಕ.

*ಲೇ ಆಫ್* ಅಂದರೆ ಕೆಲಸ ಹೋಗಿಲ್ಲ, ತಾತ್ಕಾಲಿಕವಾಗಿ ಕೆಲಸ ಕೊಡಲು ಆಗುತ್ತಿಲ್ಲ. ಚಿಪ್ ಬಂದಿಲ್ಲ, ಕರೆಂಟ್ ಇಲ್ಲ, ತಯಾರಾದ ಮಾಲು ಗೋಡೌನ್‌ನಲ್ಲಿ ಕೂತಿದೆ, ಇಂಥ ಕಾರಣಗಳು. 50 ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಕಾರ್ಖಾನೆಯಲ್ಲಿ, ಒಂದು ವರ್ಷ ಸೇವೆ ಮಾಡಿದವರಿಗೆ ಬೇಸಿಕ್ (ಮೂಲ ವೇತನ) ಮತ್ತು ಡಿಎಯ (ತುಟ್ಟಿಭತ್ಯೆ) ಅರ್ಧ ಕೊಡಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ: ಲೇ ಆಫ್ ದಿನಗಳಲ್ಲೂ ನಿಗದಿತ ಹೊತ್ತಿಗೆ ದಿನಕ್ಕೊಮ್ಮೆ ಗೇಟಿಗೆ ಹೋಗಿ ಹಾಜರಿ ಹಾಕಬೇಕು. ಹಾಕದಿದ್ದರೆ ಆ ಅರ್ಧವೂ ಹೋಗುತ್ತದೆ. ಬರುವುದು ಬೇಡ ಅಂದರೆ "ಹಾಜರಿಗೆ ಬರುವ ಅಗತ್ಯವಿಲ್ಲ" ಅಂತ ನೋಟಿಸ್‌ನಲ್ಲಿ ಹಾಕಿಸಿ.

*ರಿಟ್ರೆಂಚ್‌ಮೆಂಟ್* ಅಂದರೆ ನಿಮ್ಮ ತಪ್ಪಿಲ್ಲದೆ, ಜನ ಜಾಸ್ತಿಯಾದರು ಅಂತ ಕಂಪನಿಯೇ ತೆಗೆಯುವುದು. ಕೊನೆಗೆ ಸೇರಿದವರು ಮೊದಲು ಹೋಗಬೇಕು ಅನ್ನುವುದು ನಿಯಮ. ಒಂದೇ ವಿಭಾಗದಲ್ಲಿ ನಿಮಗಿಂತ ನಂತರ ಬಂದವರನ್ನು ಉಳಿಸಿ ನಿಮ್ಮನ್ನು ತೆಗೆದರೆ ಅದಕ್ಕೆ ಕಾರಣ ಬರೆದು ದಾಖಲಿಸಿರಬೇಕು.

*ಕ್ಲೋಷರ್* ಅಂದರೆ ಇಡೀ ಘಟಕ, ಅಥವಾ ಅದರ ಒಂದು ಭಾಗ, ಶಾಶ್ವತವಾಗಿ ಮುಚ್ಚುವುದು.

*ವಿಆರ್‌ಎಸ್*, ಅಂದರೆ ಸ್ವಯಂ ನಿವೃತ್ತಿ, ಒಂದು ಒಪ್ಪಂದ. ಮೊತ್ತ ಕಾನೂನಿನ ಪರಿಹಾರಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇದ್ದರೆ ಒಳ್ಳೆಯದೇ ಇರಬಹುದು. ಆದರೆ ಕಾನೂನಿನಲ್ಲಿ ಅದು ನೀವೇ ಬಿಟ್ಟಂತೆ. ಎಷ್ಟು ಜಾಸ್ತಿ ಅಂತ ಹಂತ 6ರ ಲೆಕ್ಕ ಹಾಕಿಯೇ ನಿರ್ಧರಿಸಿ. ಗ್ರಾಚ್ಯುಟಿ, ರಜೆ ದುಡ್ಡು, ಬೋನಸ್ ಎಲ್ಲ ಸೇರಿಸಿ ಒಂದು ದೊಡ್ಡ ಅಂಕಿ ತೋರಿಸುತ್ತಾರೆ. ಅವೆಲ್ಲ ಹೇಗಿದ್ದರೂ ನಿಮ್ಮದೇ. ಅವನ್ನು ಕಳೆದು ಉಳಿದದ್ದೇ ಕಂಪನಿ ಕೊಡುತ್ತಿರುವ "ಪ್ಯಾಕೇಜ್".

ಇನ್ನೊಂದು ದಾರಿ ವರ್ಗಾವಣೆ. "ನಾಳೆಯಿಂದ ನೋಯ್ಡಾಗೆ ಹೋಗಿ" ಅಂದರೆ ಅರ್ಧ ಜನ ತಾವಾಗಿಯೇ ಬಿಡುತ್ತಾರೆ ಅಂತ ಗೊತ್ತಿರುತ್ತದೆ. ಸಿಟ್ಟಿಗೆ ಬಿಟ್ಟು ಹೋಗಬೇಡಿ. ನೇಮಕಾತಿ ಪತ್ರದಲ್ಲಿ ವರ್ಗಾವಣೆ ಷರತ್ತು ಇದೆಯಾ ನೋಡಿ, ಪ್ರಯಾಣ ಭತ್ಯೆ, ವಸತಿ, ಸಂಬಳ ಏನು ಅಂತ ಲಿಖಿತವಾಗಿ ಕೇಳಿ, ಆಕ್ಷೇಪ ಇದ್ದರೆ ಅದನ್ನೂ ಬರೆದೇ ಕೊಡಿ.

ಹಂತ 4: 300ರ ಲೆಕ್ಕ ಮತ್ತು 60 ದಿನದ ಗಡಿಯಾರ

ಕಾರ್ಖಾನೆಯಲ್ಲಿ 300 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿದ್ದರೆ ಮುಚ್ಚಲು, ಜನ ತೆಗೆಯಲು, ಸಾಮಾನ್ಯವಾಗಿ ಲೇ ಆಫ್ ಮಾಡಲು ಕೂಡ ಸರ್ಕಾರದ ಅನುಮತಿ ಮೊದಲೇ ಬೇಕು. ಹಳೆಯ ಕಾಯ್ದೆಯಲ್ಲಿ ಈ ಸಂಖ್ಯೆ 100 ಇತ್ತು. 100ರಿಂದ 299 ಜನ ಇರುವ ಸಣ್ಣ ಕಾರ್ಖಾನೆಗಳವರಿಗೆ ಈ ಬದಲಾವಣೆ ದೊಡ್ಡ ಪೆಟ್ಟು.

ಮುಚ್ಚಬೇಕಾದರೆ ಕಂಪನಿ 90 ದಿನ ಮೊದಲೇ ಅರ್ಜಿ ಹಾಕಬೇಕು, ಅದರ ಪ್ರತಿ ಕಾರ್ಮಿಕರ ಪ್ರತಿನಿಧಿಗಳಿಗೂ ಕೊಡಬೇಕು. ಸರ್ಕಾರ ಎರಡೂ ಕಡೆಯವರ ಮಾತು ಕೇಳಿ ತೀರ್ಮಾನಿಸಬೇಕು. ಅತಿ ದೊಡ್ಡ ಅಪಾಯ ಇರುವುದು ಇಲ್ಲೇ: ಅರ್ಜಿ ಹಾಕಿ 60 ದಿನದಲ್ಲಿ ಸರ್ಕಾರ ಏನೂ ಹೇಳದಿದ್ದರೆ ಅನುಮತಿ ಸಿಕ್ಕಿದೆ ಅಂತಲೇ ಲೆಕ್ಕ. "ಸರ್ಕಾರ ನೋಡಿಕೊಳ್ಳುತ್ತೆ" ಅಂತ ಸುಮ್ನೆ ಕೂತರೆ 61ನೇ ದಿನ ಏನೂ ಉಳಿದಿರುವುದಿಲ್ಲ. ಅರ್ಜಿ ಹಾಕಿದ ಸುದ್ದಿ ಬಂದ ವಾರದಲ್ಲೇ ಯೂನಿಯನ್, ಯೂನಿಯನ್ ಇಲ್ಲದಿದ್ದರೆ ಕೆಲಸಗಾರರೇ ಸಹಿ ಮಾಡಿದ ಮನವಿ, ಕಾರ್ಮಿಕ ಇಲಾಖೆಗೆ ತಲುಪಬೇಕು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಆ ಮನವಿಯಲ್ಲಿ ಅಳಲು ಕಡಿಮೆ ಇರಲಿ, ವಿವರ ಜಾಸ್ತಿ ಇರಲಿ. ಕಳೆದ ವರ್ಷ ಎಷ್ಟು ಜನ ಇದ್ದರು, ಈಗ ಎಷ್ಟು. ಯಾವ ಲೈನ್ ಯಾವ ತಾರೀಖಿಗೆ ನಿಂತಿತು. ಬೋರ್ಡಿಗೆ ಬಿಡಿಭಾಗ ಕೂರಿಸುವ ಎಸ್‌ಎಂಟಿ ಮೆಷಿನ್‌ಗಳನ್ನು ಯಾವ ದಿನ ಲಾರಿಗೆ ಹಾಕಿದರು. ಅದೇ ಕಂಪನಿ ಬೇರೆ ಊರಿನಲ್ಲಿ ಜನ ತೆಗೆದುಕೊಳ್ಳುತ್ತಿದೆಯಾ. "ಆರ್ಡರ್ ಇಲ್ಲ" ಅನ್ನುವ ಮಾತನ್ನು ಅಧಿಕಾರಿ ಪರೀಕ್ಷಿಸುವುದು ಇಂಥ ವಿವರದಿಂದ.

ಸಂಖ್ಯೆಯ ಬಗ್ಗೆ ತಕರಾರು ಬಂದೇ ಬರುತ್ತದೆ. ಹಿಂದಿನ 12 ತಿಂಗಳ ಸರಾಸರಿ ನೋಡಬೇಕು, ಮುಚ್ಚುವ ದಿನದ ತಲೆ ಎಣಿಕೆ ಅಲ್ಲ. ಮೊದಲು ಜನರಿಂದ ರಾಜೀನಾಮೆ ಬರೆಸಿ 300ರ ಕೆಳಗೆ ಇಳಿಸುವುದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಕಾರ್ಖಾನೆಗಳ ಇಲಾಖೆಗೆ ಕಂಪನಿ ಸಲ್ಲಿಸುವ ವಾರ್ಷಿಕ ವರದಿಯಲ್ಲಿ ಕೆಲಸಗಾರರ ಸಂಖ್ಯೆ ಇರುತ್ತದೆ. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಅದನ್ನು ಕೇಳಬಹುದು.

ಅನುಮತಿ ಇಲ್ಲದೆ ಮುಚ್ಚಿದರೆ ಅದು ಕಾನೂನುಬಾಹಿರ. ಮುಚ್ಚೇ ಇಲ್ಲ ಅನ್ನುವಂತೆ ಸಂಬಳ ಸೌಲಭ್ಯ ಎಲ್ಲ ನಿಮಗೆ ಸಲ್ಲಬೇಕು. 50ರಿಂದ 299 ಜನ ಇರುವ ಕಾರ್ಖಾನೆ ಮುಚ್ಚಲು ಅನುಮತಿ ಬೇಡ, ಸರ್ಕಾರಕ್ಕೆ 60 ದಿನದ ನೋಟಿಸ್ ಮಾತ್ರ ಬೇಕು.

ಇದೇ ಹೊತ್ತಲ್ಲಿ ಸಿಟ್ಟು ಬಂದು "ನಾಳೆ ಎಲ್ಲರೂ ರಜೆ ಹಾಕೋಣ" ಅಂತ ಗುಂಪಿನಲ್ಲಿ ಮೆಸೇಜ್ ಓಡಾಡುತ್ತದೆ. ಹುಷಾರು. ಹೊಸ ಸಂಹಿತೆಯಲ್ಲಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಜನ ಒಟ್ಟಿಗೆ ಕ್ಯಾಶುಯಲ್ ಲೀವ್ ಹಾಕಿದರೆ ಅದೂ ಮುಷ್ಕರವೇ, ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಬೇಕು. ಅಕ್ರಮ ಮುಷ್ಕರ ಅಂತಾದರೆ ನಿಮ್ಮ ಕೈಯಲ್ಲಿದ್ದ ಗಟ್ಟಿ ಪ್ರಕರಣ ಕಂಪನಿಯ ಕೈಗೆ ಹೋಗುತ್ತದೆ.

ಹಂತ 5: ಎಚ್‌ಆರ್ ಕೋಣೆಯಲ್ಲಿ

ಕರೆದಾಗ ಹೋಗಿ, ಹೋಗದೇ ಇರುವುದು ತಪ್ಪು. ಸಾಮಾನ್ಯವಾಗಿ ಮೇಜಿನ ಮೇಲೆ ಮೂರು ಕಾಗದ ಇರುತ್ತವೆ: ನಿಮ್ಮ ಹೆಸರು ಮೊದಲೇ ಟೈಪ್ ಮಾಡಿಟ್ಟ ರಾಜೀನಾಮೆ ಪತ್ರ, ನೋ ಡ್ಯೂ ಫಾರ್ಮ್ (ಕಂಪನಿಗೆ ನೀವು ಏನೂ ಬಾಕಿ ಇಟ್ಟಿಲ್ಲ ಅನ್ನುವ ಕಾಗದ), ಮತ್ತು "ಫುಲ್ ಅಂಡ್ ಫೈನಲ್" ಲೆಕ್ಕದ ಹಾಳೆ. ಆ ಮೂರನೆಯದರ ಕೆಳಗೆ ಚಿಕ್ಕ ಅಕ್ಷರದಲ್ಲಿ "ನನಗೆ ಕಂಪನಿಯಿಂದ ಬೇರೇನೂ ಬಾಕಿ ಇಲ್ಲ, ಮುಂದೆ ಯಾವ ತಕರಾರೂ ಮಾಡುವುದಿಲ್ಲ" ಅಂತ ಒಂದು ಸಾಲು ಇರುತ್ತದೆ. ಅದು ಇಂಗ್ಲಿಷಿನಲ್ಲಿರುತ್ತದೆ. ಕಣ್ಣು ಮೊದಲು ಅಲ್ಲಿಗೆ ಹೋಗಲಿ.

ಹೇಳಬೇಕಾದ್ದು ಇಷ್ಟೇ: "ಸರ್, ಪ್ರತಿ ಕೊಡಿ. ಮನೆಯಲ್ಲಿ ಓದಿಸಿ ಉತ್ತರ ಕೊಡ್ತೀನಿ." ಜಗಳ ಬೇಡ, ವಿವರಣೆಯೂ ಬೇಡ. "ಇವತ್ತು ಹಾಕಿದ್ರೆ ಎರಡು ತಿಂಗಳ ಸಂಬಳ ಎಕ್ಸ್‌ಟ್ರಾ, ನಾಳೆ ಆದ್ರೆ ಅದೂ ಇಲ್ಲ" ಅನ್ನುತ್ತಾರೆ. "ಇಲ್ಲದಿದ್ರೆ ಟರ್ಮಿನೇಷನ್, ಬೇರೆ ಕಡೆ ಕೆಲಸ ಸಿಗಲ್ಲ" ಅಂತಲೂ ಹೆದರಿಸುತ್ತಾರೆ. ರಿಟ್ರೆಂಚ್‌ಮೆಂಟ್ ಕಳಂಕ ಅಲ್ಲ, ಅದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ ಅಂತ ಕಾನೂನೇ ಹೇಳುತ್ತದೆ.

ಒತ್ತಾಯಕ್ಕೆ ಸಹಿ ಹಾಕಿಬಿಟ್ಟಿದ್ದರೆ ಅಂದೇ, ಇಲ್ಲದಿದ್ದರೆ ಮರುದಿನ, ಎಚ್‌ಆರ್‌ಗೆ ಮೇಲ್ ಮಾಡಿ: ಯಾರು, ಎಷ್ಟು ಹೊತ್ತಿಗೆ, ಏನು ಹೇಳಿ ಸಹಿ ಹಾಕಿಸಿಕೊಂಡರು, ನಾನು ಇದನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಪ್ರತಿಯನ್ನು ಕಾರ್ಮಿಕ ಅಧಿಕಾರಿಗೂ ಕಳಿಸಿ. ತಡ ಮಾಡಿದಷ್ಟೂ ಆ ಮಾತಿಗೆ ಬೆಲೆ ಕಡಿಮೆ.

ದುಡ್ಡು ಖಾತೆಗೆ ಬಂದುಬಿಟ್ಟರೆ ವಾಪಸ್ ಕೊಡಬೇಕಿಲ್ಲ. "ನನ್ನ ಆಕ್ಷೇಪಣೆ ಉಳಿಸಿಕೊಂಡು ಈ ಮೊತ್ತ ಪಡೆದಿದ್ದೇನೆ" ಅಂತ ಒಂದು ಮೇಲ್ ಕಳಿಸಿ ಸಾಕು.

ಬಸುರಿಯರಿಗೆ ಮತ್ತು ಹೆರಿಗೆ ರಜೆಯಲ್ಲಿರುವವರಿಗೆ: ಆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. ಫೋನ್ ಮಾಡಿ ರಾಜೀನಾಮೆ ಕೇಳಿದರೆ ಕೊಡಬೇಡಿ. ಕಂಪನಿ ಹಾಸ್ಟೆಲ್‌ನಲ್ಲಿರುವ ಹುಡುಗಿಯರಿಗೆ ಇನ್ನೊಂದು ಮಾತು. ರೂಮ್ ಖಾಲಿ ಮಾಡಿ ಊರಿಗೆ ಹೋಗುವ ಮೊದಲು ನಿಮ್ಮ ಊರಿನ ವಿಳಾಸವನ್ನು ಮೇಲ್ ಮೂಲಕ ಕಂಪನಿಗೆ ತಿಳಿಸಿ. ನೋಟಿಸ್ ಹಾಸ್ಟೆಲ್‌ಗೆ ಹೋಗಿ, ನಿಮಗೆ ಗೊತ್ತೇ ಆಗದೆ ವಾಯಿದೆ ಮುಗಿದುಹೋಗುವುದುಂಟು.

ಹಂತ 6: ನಿಮ್ಮ ಲೆಕ್ಕ ನೀವೇ ಹಾಕಿ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೇಸಿಕ್ ಮತ್ತು ಡಿಎ ಸೇರಿ 20,800 ರೂಪಾಯಿ, ಸೇವೆ 7 ವರ್ಷ 8 ತಿಂಗಳು, 300ಕ್ಕಿಂತ ಜಾಸ್ತಿ ಜನ ಇರುವ ಕಾರ್ಖಾನೆ, ತೆಗೆದಿರುವುದು ರಿಟ್ರೆಂಚ್‌ಮೆಂಟ್ ಮೂಲಕ. ಆರು ತಿಂಗಳು ದಾಟಿದ ಭಾಗ ಇಡೀ ವರ್ಷ ಅಂತ ಲೆಕ್ಕ, ಹಾಗಾಗಿ 8 ವರ್ಷ.

- ಪರಿಹಾರ: ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ. ತಿಂಗಳ ಅರ್ಧ 10,400. ಎಂಟು ವರ್ಷಕ್ಕೆ 83,200.
- ನೋಟಿಸ್ ಬದಲು ಸಂಬಳ: ದೊಡ್ಡ ಕಾರ್ಖಾನೆಯಲ್ಲಿ ಮೂರು ತಿಂಗಳು, ಅಂದರೆ 62,400. 300ರ ಒಳಗಿದ್ದರೆ ಒಂದು ತಿಂಗಳು.
- ಗ್ರಾಚ್ಯುಟಿ: ಇಲ್ಲಿ ತಿಂಗಳನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. 20,800ನ್ನು 26ರಿಂದ ಭಾಗಿಸಿದರೆ 800, ಅದರ 15 ಪಟ್ಟು 12,000. ಎಂಟು ವರ್ಷಕ್ಕೆ 96,000.
- ಮರುಕೌಶಲ ನಿಧಿ: ರಿಟ್ರೆಂಚ್ ಆದ ಪ್ರತಿಯೊಬ್ಬರಿಗೂ 15 ದಿನದ ಸಂಬಳವನ್ನು ಕಂಪನಿ ಈ ನಿಧಿಗೆ ಕಟ್ಟಬೇಕು, 45 ದಿನದೊಳಗೆ ಅದು ನಿಮ್ಮ ಖಾತೆಗೆ ಬರಬೇಕು. ಇಲ್ಲಿ 10,400. ಇದು ಹೊಸ ಸಂಹಿತೆಯಲ್ಲಿ ಬಂದದ್ದು, ಕೇಳಲು ಮರೆಯಬೇಡಿ.

ಒಟ್ಟು 2,52,000 ರೂಪಾಯಿ. ಇದರ ಮೇಲೆ ಬಾಕಿ ಸಂಬಳ, ಓಟಿ, ಉಳಿದ ರಜೆಯ ದುಡ್ಡು, ಅರ್ಹರಿದ್ದರೆ ಆ ವರ್ಷದ ಬೋನಸ್. ಇದೇ ವ್ಯಕ್ತಿ ರಾಜೀನಾಮೆ ಬರೆದುಕೊಟ್ಟರೆ ಮೇಲಿನ ನಾಲ್ಕರಲ್ಲಿ ಉಳಿಯುವುದು ಗ್ರಾಚ್ಯುಟಿ ಒಂದೇ, 96,000. ಒಂದು ಸಹಿಗೆ 1,56,000 ರೂಪಾಯಿ ಹೋಯಿತು.

ಮುಚ್ಚುವಿಕೆಯಲ್ಲೂ ವರ್ಷಕ್ಕೆ 15 ದಿನದ ಲೆಕ್ಕವೇ. "ಕೈಮೀರಿದ ಕಾರಣ" ಅಂತಾದರೆ ಪರಿಹಾರವನ್ನು ಮೂರು ತಿಂಗಳ ಸರಾಸರಿ ಸಂಬಳಕ್ಕೆ ಮಿತಿಗೊಳಿಸಲು 300ರ ಒಳಗಿನ ಕಾರ್ಖಾನೆಗಳಿಗೆ ಅವಕಾಶ ಇದೆ. ಆದರೆ ನಷ್ಟ, ಹಣದ ಮುಗ್ಗಟ್ಟು, ಮಾಲು ಮಾರಾಟವಾಗದೆ ಕೂತಿರುವುದು ಇವು ಯಾವುವೂ ಕೈಮೀರಿದ ಕಾರಣ ಅಲ್ಲ ಅಂತ ಕಾನೂನೇ ಬಿಡಿಸಿ ಹೇಳಿದೆ.

ಬೇಸಿಕ್ ತೀರಾ ಕಡಿಮೆ ಇಟ್ಟು ಭತ್ಯೆಗಳಲ್ಲಿ ಸಂಬಳ ತುಂಬಿದ್ದಾರಾ? ಹೊಸ ಸಂಹಿತೆಯಲ್ಲಿ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವನ್ನು ವೇತನಕ್ಕೇ ಸೇರಿಸಬೇಕು. ಲೆಕ್ಕ ಹಾಕುವಾಗ ಇದನ್ನು ನೋಡಿ.

ಯಾವಾಗ ಬರಬೇಕು? ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ. ರಿಟ್ರೆಂಚ್‌ಮೆಂಟ್ ಪರಿಹಾರ ತೆಗೆಯುವ ಹೊತ್ತಿಗೇ. ಗ್ರಾಚ್ಯುಟಿ 30 ದಿನದೊಳಗೆ, ತಡವಾದರೆ ಬಡ್ಡಿ ಸಹಿತ.

ಹಂತ 7: ದೂರು ಎಲ್ಲಿ, ಹೇಗೆ

ಮೊದಲು ಹೋಗಬೇಕಾದ್ದು ನಿಮ್ಮ ಪ್ರದೇಶದ ಕಾರ್ಮಿಕ ಅಧಿಕಾರಿ ಅಥವಾ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿಗೆ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಎಲ್ಲರಿಗೂ ಗೊತ್ತಿರುವ ಜಾಗ. ಹೊಸೂರು, ಶ್ರೀಪೆರಂಬದೂರಿನಲ್ಲಿ ದುಡಿಯುವವರು ತಮಿಳುನಾಡಿನ ಇಲಾಖೆಗೇ ಹೋಗಬೇಕು, ನೀವು ಆನೇಕಲ್‌ನಲ್ಲಿ ಮನೆ ಮಾಡಿದ್ದರೂ ಅಷ್ಟೇ. ಕಾರ್ಖಾನೆ ಎಲ್ಲಿದೆಯೋ ಅಲ್ಲಿನ ಕಚೇರಿ.

ಕಚೇರಿಯಲ್ಲಿ ಸಂಧಾನಾಧಿಕಾರಿ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಲು ನೋಡುತ್ತಾರೆ. ಅವರು ತೀರ್ಪು ಕೊಡುವವರಲ್ಲ. 45 ದಿನ ಕಳೆದರೂ ಬಗೆಹರಿಯದಿದ್ದರೆ ನೀವೇ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು. ತೆಗೆದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಹಳೆಯ ಕಾಯ್ದೆಯಲ್ಲಿ ಮೂರು ವರ್ಷ ಇತ್ತು. ಅದನ್ನೇ ನಂಬಿ ಈಗಲೂ "ಇನ್ನೂ ಟೈಮ್ ಇದೆ" ಅನ್ನುವವರಿದ್ದಾರೆ.

ವಕೀಲರಿಗೆ ದುಡ್ಡಿಲ್ಲ ಅಂತ ಬಿಡಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರ ನೆರವು ಹಕ್ಕಾಗಿಯೇ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೂ ಇದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ, ಸಹಾಯವಾಣಿ 15100.

ಆದಷ್ಟು ಒಟ್ಟಾಗಿ ಹೋಗಿ. ಹತ್ತು ಜನ ಹತ್ತು ಬೇರೆ ದೂರು ಕೊಡುವ ಬದಲು ಹತ್ತು ಜನರ ಹೆಸರು, ಸೇರಿದ ತಾರೀಖು, ಸಂಬಳ ಇರುವ ಒಂದು ಪಟ್ಟಿ ಜೊತೆಗಿದ್ದರೆ ಅಧಿಕಾರಿ ಕಂಪನಿಯನ್ನು ಬೇಗ ಕರೆಸುತ್ತಾರೆ.

ಹಂತ 8: ಪಿಎಫ್, ಇಎಸ್‌ಐ

ಪಿಎಫ್‌ನಲ್ಲಿ ಮೊದಲು ನೋಡಬೇಕಾದ್ದು ಕೆಲಸ ಬಿಟ್ಟ ತಾರೀಖು ಮತ್ತು ಕಾರಣ. ಕಂಪನಿ ತಾರೀಖು ಹಾಕದೆ ಮುಚ್ಚಿಕೊಂಡು ಹೋದರೆ ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಯುಎಎನ್ ಪೋರ್ಟಲ್‌ನಲ್ಲಿ ಹಾಕಬಹುದು. ಪಾಸ್‌ಬುಕ್‌ನಲ್ಲಿ ತಿಂಗಳು ತಿಂಗಳು ಕಣ್ಣಾಡಿಸಿ. ತೊಂದರೆಯಲ್ಲಿರುವ ಕಂಪನಿ ಸಂಬಳದಿಂದ ಪಿಎಫ್ ಹಿಡಿದು ಕಟ್ಟದೇ ಇರುವುದುಂಟು. ಬಾಕಿ ಕಂಡರೆ ಪಿಎಫ್ ಕಚೇರಿಗೆ ಕೂಡಲೇ ದೂರು ಕೊಡಿ.

ಪೂರ್ತಿ ದುಡ್ಡು ತೆಗೆಯುವ ಆತುರ ಬೇಡ. ಐದು ವರ್ಷದ ಒಳಗೆ 50,000 ಅಥವಾ ಅದಕ್ಕಿಂತ ಜಾಸ್ತಿ ತೆಗೆದರೆ ಸಾಮಾನ್ಯವಾಗಿ ತೆರಿಗೆ ಹಿಡಿಯುತ್ತಾರೆ. ನಿರುದ್ಯೋಗದಲ್ಲಿ ಶೇ. 75ರಷ್ಟನ್ನು ತಕ್ಷಣ, ಉಳಿದದ್ದನ್ನು 12 ತಿಂಗಳ ನಂತರ ಕೊಡುವುದೆಂದು ಪಿಎಫ್ ಮಂಡಳಿ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿದೆ. ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿರುವ ನಿಯಮ ನೋಡಿಕೊಂಡೇ ಹಾಕಿ. ಪಿಂಚಣಿ ಭಾಗ ಬೇರೆ. ಹತ್ತು ವರ್ಷ ತುಂಬಿದರೆ ಪಿಂಚಣಿ ಬರುತ್ತದೆ. ಹತ್ತಿರ ಬಂದಿರುವವರು ಅದನ್ನು ತೆಗೆಯುವ ಬದಲು ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಳ್ಳಿ, ಮುಂದಿನ ಕೆಲಸದ ವರ್ಷಗಳು ಅದಕ್ಕೆ ಕೂಡುತ್ತವೆ.

ಇಎಸ್‌ಐನಲ್ಲಿ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಅಂತ ಒಂದಿದೆ. ಕೆಲವು ವರ್ಷ ವಂತಿಗೆ ಕಟ್ಟಿದವರಿಗೆ ರಿಟ್ರೆಂಚ್‌ಮೆಂಟ್ ಅಥವಾ ಕಾರ್ಖಾನೆ ಮುಚ್ಚಿದ್ದರಿಂದ ಕೆಲಸ ಹೋದರೆ 24 ತಿಂಗಳವರೆಗೆ ನಿರುದ್ಯೋಗ ಭತ್ಯೆ, ಆ ಅವಧಿಯಲ್ಲಿ ನಿಮಗೂ ಮನೆಯವರಿಗೂ ಚಿಕಿತ್ಸೆ. ರಾಜೀನಾಮೆ ಕೊಟ್ಟವರಿಗೆ, ವಿಆರ್‌ಎಸ್ ತೆಗೆದುಕೊಂಡವರಿಗೆ ಇಲ್ಲ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಲ್ಲಿ 90 ದಿನದವರೆಗೆ ದಿನದ ಸರಾಸರಿ ಗಳಿಕೆಯ ಅರ್ಧ ಸಿಗುತ್ತದೆ. ಇದರ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ, ನಿಮ್ಮ ಇಎಸ್‌ಐ ಶಾಖೆಯಲ್ಲಿ ಕೇಳಿ. ಮತ್ತೆ, ಕೆಲಸ ಹೋದ ದಿನವೇ ಇಎಸ್‌ಐ ಆಸ್ಪತ್ರೆ ಬಾಗಿಲು ಮುಚ್ಚುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಚಿಕಿತ್ಸೆ ಬಾಕಿ ಇದ್ದರೆ ಈ ಅವಧಿ ಬಳಸಿಕೊಳ್ಳಿ.

ಕಂಪನಿ ದಿವಾಳಿ ಅರ್ಜಿ ಹಾಕಿದ್ದರೆ

ಆಗ ದಾರಿ ಬೇರೆ. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಅದರಲ್ಲಿ ಹೇಳಿದ ತಾರೀಖಿನೊಳಗೆ ನಿಮ್ಮ ಬಾಕಿಯನ್ನು ಪುರಾವೆ ಸಹಿತ ಅಲ್ಲಿ ಹೆಸರಿಸಿದ, ದಿವಾಳಿ ಪ್ರಕ್ರಿಯೆ ನಡೆಸುವ ವೃತ್ತಿಪರರಿಗೆ ಸಲ್ಲಿಸಬೇಕು. ಎಲ್ಲರ ಪರವಾಗಿ ಒಬ್ಬ ಪ್ರತಿನಿಧಿಯೂ ಸಲ್ಲಿಸಬಹುದು. ಕಂಪನಿಯನ್ನು ಮಾರಿ ಹಂಚುವ ಹಂತ ಬಂದರೆ ಕಾರ್ಮಿಕರ 24 ತಿಂಗಳ ಬಾಕಿ, ಭದ್ರತೆ ಇಟ್ಟುಕೊಂಡ ಬ್ಯಾಂಕುಗಳ ಸಾಲದ ಜೊತೆ ಸಮನಾದ ಸಾಲಿನಲ್ಲಿ ನಿಲ್ಲುತ್ತದೆ. ಪಿಎಫ್, ಗ್ರಾಚ್ಯುಟಿ ನಿಧಿಯಲ್ಲಿರುವ ದುಡ್ಡು ಆ ಹಂಚಿಕೆಗೆ ಸೇರುವುದೇ ಇಲ್ಲ, ಅದು ನಿಮ್ಮದು. ಅರ್ಜಿ ಹಾಕದವರ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ, ಹಾಗಾಗಿ ಎಚ್‌ಆರ್ ಕಳಿಸುತ್ತಾರೆ ಅಂತ ಕಾಯಬೇಡಿ.

ಮತ್ತೆ ಜನ ತೆಗೆದುಕೊಂಡರೆ

ಎಲೆಕ್ಟ್ರಾನಿಕ್ಸ್‌ನಲ್ಲಿ ಹೊಸ ಮಾಡೆಲ್ ಬಂದ ಕೂಡಲೇ ಅದೇ ಕಂಪನಿ ಮತ್ತೆ ಜನ ಹುಡುಕುವುದು ಸಾಮಾನ್ಯ. ರಿಟ್ರೆಂಚ್ ಆದ ಒಂದು ವರ್ಷದೊಳಗೆ ಕಂಪನಿ ಹೊಸದಾಗಿ ತೆಗೆದುಕೊಂಡರೆ ಮೊದಲು ನಿಮಗೆ ಅವಕಾಶ ಕೊಡಬೇಕು. ಇದೂ ರಾಜೀನಾಮೆ ಕೊಟ್ಟವರಿಗಿಲ್ಲ. ನಿಮ್ಮ ಈಗಿನ ವಿಳಾಸ, ಫೋನ್ ನಂಬರನ್ನು ಕಂಪನಿಗೆ ಬರೆದು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಗೇಟಿನಲ್ಲಿ ಏಜೆನ್ಸಿಯವರು ಹೊಸಬರ ಸಂದರ್ಶನ ಮಾಡುತ್ತಿದ್ದರೆ ಆ ಜಾಹೀರಾತಿನ ಫೋಟೊ ತೆಗೆದು, ತಾರೀಖು ಬರೆದು, ಅದೇ ಕಾರ್ಮಿಕ ಅಧಿಕಾರಿಯ ಕಚೇರಿಗೆ ಒಯ್ಯಿರಿ.